ಸಂಬಳ ಸಿಗದ ಸೈನ್ಯ

ಈಗಿನ ತಮಿಳುನಾಡಿನ ವಾಂಡಿವಾಶ್‌ನಲ್ಲಿ 1760ರಲ್ಲಿ ನಡೆದ ಕದನಕ್ಕೆ ನಮ್ಮ ಶಾಲೆಯ ಪುಸ್ತಕದಲ್ಲಿ ಇದ್ದದ್ದು ಒಂದೇ ಸಾಲು. ಬ್ರಿಟಿಷರ ಐರ್ ಕೂಟ್ ಗೆದ್ದ, ಫ್ರೆಂಚರ ಕೌಂಟ್ ಡಿ ಲಾಲಿ ಸೋತ. ಯಾಕೆ ಅಂದ್ರೆ, ಬ್ರಿಟಿಷರ ಸೈನ್ಯಕ್ಕೆ ಶಿಸ್ತು ಜಾಸ್ತಿ ಅಂತ ಮೇಷ್ಟ್ರು ಹೇಳಿದ್ದರು. ಆ ಮಾತನ್ನು ನಾನೀಗ ಒಪ್ಪುವುದಿಲ್ಲ.

ಅವತ್ತು ಎದುರಾದ ಎರಡೂ ಕಡೆ ಯುರೋಪಿನ ಸೈನಿಕರು ಹೆಚ್ಚುಕಮ್ಮಿ ಎರಡೆರಡು ಸಾವಿರ. ಬಂದೂಕು, ಫಿರಂಗಿ, ಕವಾಯತು ಎಲ್ಲ ಒಂದೇ ಥರ. ಎರಡೂ ಕಡೆ ನಮ್ಮ ನೆಲದ ಸಿಪಾಯಿಗಳಿದ್ದರು. ಲಾಲಿ ಹೇಡಿಯೂ ಅಲ್ಲ. 1745ರಲ್ಲಿ ಯುರೋಪಿನ ಫಾಂಟೆನಾಯ್ ಕದನದಲ್ಲಿ ಇದೇ ಬ್ರಿಟಿಷರ ಎದುರು ಹೋರಾಡಿ ಹೆಸರು ಮಾಡಿದವನು.

ಆದರೆ ಅವನ ಸೈನಿಕರಿಗೆ ತಿಂಗಳುಗಟ್ಟಲೆ ಸಂಬಳವೇ ಬಂದಿರಲಿಲ್ಲ. ವಾಂಡಿವಾಶ್‌ಗೆ ಮೂರು ತಿಂಗಳ ಮೊದಲು ಅವರು ದಂಗೆ ಎದ್ದಿದ್ದರು. ಮನೆ ಬಿಟ್ಟು ಸಾವಿರಾರು ಮೈಲಿ ದೂರ ಬಂದವನಿಗೆ ಕೈಯಲ್ಲಿ ಕಾಸಿಲ್ಲ ಅಂದ್ರೆ ಅವನು ಯಾರಿಗೋಸ್ಕರ ಸಾಯಬೇಕು? ಲಾಲಿ ಹಣಕ್ಕಾಗಿ ತಂಜಾವೂರಿನ ಮೇಲೆ ದಂಡೆತ್ತಿ ಹೋಗಿ ಬರಿಗೈಯಲ್ಲಿ ವಾಪಸಾಗಿದ್ದ. ಬ್ರಿಟಿಷರಿಗೆ ಈ ಚಿಂತೆ ಇರಲಿಲ್ಲ. 1757ರ ಪ್ಲಾಸಿ ಕದನ ಗೆದ್ದಮೇಲೆ ಬಂಗಾಳದ ದುಡ್ಡು ಮದ್ರಾಸಿಗೂ ಬರುತ್ತಿತ್ತು.

ಇನ್ನೊಂದು ಕಾರಣ ಸಮುದ್ರ. 1759ರ ಫೆಬ್ರವರಿಯಲ್ಲಿ ಮದ್ರಾಸ್ ಕೋಟೆಗೆ ಲಾಲಿ ಹಾಕಿದ ಮುತ್ತಿಗೆ ಮುರಿದದ್ದು ಬ್ರಿಟಿಷ್ ಹಡಗುಗಳು ಕಂಡ ದಿನವೇ. ಅದೇ ವರ್ಷ ಫ್ರೆಂಚ್ ಹಡಗುಗಳು ಮಾರಿಷಸ್‌ಗೆ ಹೋದವು. ಲಾಲಿಯ ನೆರವಿಗೆ ಮತ್ತೆ ಬರಲೇ ಇಲ್ಲ.

ಲಾಲಿಯ ತಪ್ಪುಗಳೂ ಕಡಿಮೆಯಲ್ಲ. ಹೈದರಾಬಾದಿನಲ್ಲಿ ಬೇರೂರಿದ್ದ ಫ್ರೆಂಚ್ ಸೇನಾನಿ ಬುಸ್ಸಿಯನ್ನು ವಾಪಸ್ ಕರೆಸಿಕೊಂಡ. ಫ್ರೆಂಚರ ನೆಲೆಯಾಗಿದ್ದ ಪುದುಚೇರಿಯ ಜನರನ್ನು ಹಿಡಿದು ಹೊರೆ ಹೊರಿಸಿದ. ನಮ್ಮ ಜನರ ಮೇಲಿನ ಆ ತಾತ್ಸಾರವನ್ನು ನಾನು ಕ್ಷಮಿಸಲಾರೆ. ಆದರೂ 1766ರಲ್ಲಿ ಪ್ಯಾರಿಸ್‌ನಲ್ಲಿ ಅವನ ತಲೆ ಕಡಿದದ್ದು ಅನ್ಯಾಯ. ದುಡ್ಡು, ಹಡಗು ಎರಡೂ ಕಳಿಸದವರು ಒಬ್ಬನ ತಲೆಯ ಮೇಲೆ ಎಲ್ಲ ಹೊರಿಸಿದರು.

ನಮ್ಮವರು ಇದನ್ನು ಓದಬೇಕು ಅನ್ನುವುದಕ್ಕೆ ಕಾರಣ ಇದೆ. 1760ರಲ್ಲಿ ಪುದುಚೇರಿಯ ನೆರವಿಗೆ ಹೈದರಾಲಿ ಸೈನ್ಯ ಕಳಿಸಿದ್ದ. ಅಷ್ಟರಲ್ಲಿ ಶ್ರೀರಂಗಪಟ್ಟಣದಲ್ಲಿ ಹೈದರನ ಕೈಕೆಳಗೇ ಇದ್ದ ಖಂಡೇರಾವ್ ತಿರುಗಿಬಿದ್ದ. ಸೈನ್ಯ ವಾಪಸಾಯಿತು. 1761ರ ಜನವರಿಯಲ್ಲಿ ಪುದುಚೇರಿ ಬಿತ್ತು.

ಇಪ್ಪತ್ತು ವರ್ಷದ ಮೇಲೆ ಅದೇ ಐರ್ ಕೂಟ್ ಹೈದರನ ಎದುರಿಗೆ ಬಂದ. 1781ರ ಫೆಬ್ರವರಿಯಲ್ಲಿ ಕಡಲೂರಿನ ಹತ್ತಿರ ಕೂಟ್‌ನ ಸೈನ್ಯಕ್ಕೆ ಅಕ್ಕಿಗೂ ಬರ. ಅಕ್ಕಿ ಬರಬೇಕಾದದ್ದು ಸಮುದ್ರದಿಂದ. ಆ ಸಮುದ್ರದಲ್ಲಿ ಅವತ್ತು ಫ್ರೆಂಚ್ ಹಡಗುಗಳೇ ನಿಂತಿದ್ದವು. ನಿಲ್ಲಿ ಅಂತ ಹೈದರ್ ಕೇಳಿಕೊಂಡ. ಅವು ನಿಲ್ಲಲಿಲ್ಲ, ಮಾರಿಷಸ್ ಕಡೆ ಹೊರಟುಹೋದವು. ಜುಲೈನಲ್ಲಿ ಅದೇ ಕರಾವಳಿಯ ಪೋರ್ಟೋ ನೋವೋದಲ್ಲಿ ಹೈದರ್ ಸೋತ.