ಗಾಡಿಯ ಫ್ರಿಜ್ ಕೈಕೊಟ್ಟರೆ ಮೊದಲು ವೈರು ನೋಡಿ

ಗಾಡಿಯೊಳಗೆ ಇಡುವ 12 ವೋಲ್ಟ್ ಫ್ರಿಜ್ ಬಗ್ಗೆ ಬರುವ ದೂರುಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಎಂಜಿನ್ ಓಡುವಾಗ ಚೆನ್ನಾಗಿ ತಣ್ಣಗಾಗುತ್ತೆ, ಎಂಜಿನ್ ನಿಲ್ಲಿಸಿ ಅರ್ಧ ಗಂಟೆಗೆ ಫ್ರಿಜ್ಜೂ ನಿಂತುಬಿಡುತ್ತೆ. ಬ್ಯಾಟರಿ ಹೊಸದು, ಚಾರ್ಜೂ ಇದೆ, ಆದರೂ ಲೋ ವೋಲ್ಟೇಜ್ ಅಂತ ತೋರಿಸುತ್ತೆ. ಇದಕ್ಕೆ ಸಿಗುವ ಸಲಹೆಯೂ ಒಂದೇ: ಇನ್ನೂ ದೊಡ್ಡ ಬ್ಯಾಟರಿ ಹಾಕಿಸಿ. ಈ ಸಲಹೆಯನ್ನು ನಾನು ಒಪ್ಪುವುದಿಲ್ಲ. ಇಂಥ ದೂರುಗಳಲ್ಲಿ ಬಹುಪಾಲು ತಪ್ಪು ಬ್ಯಾಟರಿಯದೂ ಅಲ್ಲ, ಫ್ರಿಜ್ಜಿನದೂ ಅಲ್ಲ. ಇವೆರಡರ ನಡುವೆ ಇರುವ ನಾಲ್ಕೈದು ಮೀಟರ್ ವೈರು ಮತ್ತು ಅದರ ಜಾಯಿಂಟುಗಳದು. ದುಬಾರಿ ಫ್ರಿಜ್, ದುಬಾರಿ ಲಿಥಿಯಂ ಬ್ಯಾಟರಿ ಕೊಂಡು, ನಡುವೆ ಸಣ್ಣ ವೈರು ಎಳೆದರೆ ಆ ದುಡ್ಡಿಗೆ ಬೆಲೆ ಇರುವುದಿಲ್ಲ.

ಲೆಕ್ಕ ಸರಳ. 40–50 ಲೀಟರಿನ ಕಂಪ್ರೆಸರ್ ಫ್ರಿಜ್ ಓಡುವಾಗ ಸುಮಾರು 45ರಿಂದ 60 ವ್ಯಾಟ್ ಎಳೆಯುತ್ತದೆ, ಅಂದರೆ 4–5 ಆಂಪ್. ಬ್ಯಾಟರಿ ಮುಂದೆ ಬಾನೆಟ್ ಕೆಳಗೆ, ಫ್ರಿಜ್ ಹಿಂದೆ ಡಿಕ್ಕಿಯಲ್ಲಿ, ದೂರ 5 ಮೀಟರ್ ಅಂತಿಟ್ಟುಕೊಳ್ಳಿ. ಕರೆಂಟು ಹೋಗಿ ವಾಪಸ್ ಬರಬೇಕಾದ್ದರಿಂದ ತಾಮ್ರದ ಒಟ್ಟು ಉದ್ದ 10 ಮೀಟರ್. ಈ ವಾಪಸ್ ದಾರಿಯನ್ನು ಲೆಕ್ಕಕ್ಕೆ ತಗೊಳ್ಳದವರೇ ಹೆಚ್ಚು. 1.5 ಚದರ ಮಿ.ಮೀ. ವೈರಿಗೆ ಈ ಉದ್ದದಲ್ಲಿ ರೆಸಿಸ್ಟೆನ್ಸ್ ಸುಮಾರು 0.117 ಓಮ್. 5 ಆಂಪ್ ಹರಿದರೆ 0.58 ವೋಲ್ಟ್ ದಾರಿಯಲ್ಲೇ ಖರ್ಚು. ಅದೇ ದೂರಕ್ಕೆ 6 ಚದರ ಮಿ.ಮೀ. ಹಾಕಿದರೆ ನಷ್ಟ 0.15 ವೋಲ್ಟ್ ಮಾತ್ರ.

ಅರ್ಧ ವೋಲ್ಟ್ ತಾನೇ ಅನ್ನಿಸಬಹುದು. ಆದರೆ ಲೆಡ್ ಆಸಿಡ್ ಬ್ಯಾಟರಿಯಲ್ಲಿ ಪೂರ್ತಿ ಚಾರ್ಜ್ ಅಂದರೆ 12.7 ವೋಲ್ಟ್, ಅರ್ಧ ಚಾರ್ಜ್ ಅಂದರೆ 12.2 ವೋಲ್ಟ್. ಅಂದರೆ ವೈರು ನುಂಗುವ ಅರ್ಧ ವೋಲ್ಟ್, ಫ್ರಿಜ್ಜಿನ ಕಣ್ಣಿಗೆ ಅರ್ಧ ಬ್ಯಾಟರಿ. ಈಗ ಬ್ಯಾಟರಿ 12.3ರಲ್ಲಿದೆ, ಫ್ರಿಜ್ಜಿನ ಬ್ಯಾಟರಿ ರಕ್ಷಣೆ (ವೋಲ್ಟೇಜ್ ಇಳಿದಾಗ ಫ್ರಿಜ್ ನಿಲ್ಲಿಸುವ ಸೆಟ್ಟಿಂಗ್) ಹೈನಲ್ಲಿದೆ, ಅದು ಕಟ್ ಆಗುವುದು ಸುಮಾರು 11.8ಕ್ಕೆ ಅಂದುಕೊಳ್ಳಿ. ಕಂಪ್ರೆಸರ್ ಶುರುವಾದ ಕೂಡಲೇ ಪ್ಲಗ್ಗಿನಲ್ಲಿ ವೋಲ್ಟೇಜ್ 11.7ಕ್ಕೆ ಇಳಿಯುತ್ತದೆ, ಫ್ರಿಜ್ ಆಫ್ ಆಗುತ್ತದೆ. ಲೋಡ್ ಹೋಯಿತಲ್ಲ, ವೋಲ್ಟೇಜ್ ಮತ್ತೆ 12.3ಕ್ಕೆ ಏರುತ್ತದೆ. ಮರಳಿ ಆನ್ ಆಗುವ ಮಿತಿ ಅದಕ್ಕಿಂತ ಮೇಲಿದ್ದರೆ ಎಂಜಿನ್ ಹಾಕುವ ತನಕ ಫ್ರಿಜ್ ಸತ್ತಂತೆ ಕೂರುತ್ತದೆ, ಕೆಳಗಿದ್ದರೆ ಸ್ವಲ್ಪ ಹೊತ್ತಿಗೆ ಆನ್ ಆಗಿ ಮತ್ತೆ ಆಫ್ ಆಗುತ್ತದೆ. ಎಂಜಿನ್ ಓಡುವಾಗ ಆಲ್ಟರ್ನೇಟರ್ 14 ವೋಲ್ಟ್ ಕೊಡುವುದರಿಂದ ಈ ಕೊರತೆ ಮುಚ್ಚಿಹೋಗುತ್ತದೆ. "ಎಂಜಿನ್ ಇದ್ದಾಗ ಸರಿ, ಇಲ್ಲದಾಗ ಇಲ್ಲ" ಅನ್ನುವ ದೂರಿನ ಗುಟ್ಟು ಇದೇ.

ಸಿಗರೇಟ್ ಲೈಟರ್ ಸಾಕೆಟ್ ಫ್ರಿಜ್ಜಿಗಾಗಿ ಮಾಡಿದ್ದಲ್ಲ. ಕಂಪನಿ ಎಳೆದಿರುವ ವೈರು ಸಣ್ಣದು, ನಡುವಿನ ಪಿನ್ನು ಸ್ಪ್ರಿಂಗ್ ಒತ್ತಡದ ಮೇಲೆ ನಿಂತಿರುತ್ತದೆ. ಗಾಡಿ ಕುಲುಕಿದ ಹಾಗೆಲ್ಲ ಅದು ಸಡಿಲವಾಗುತ್ತದೆ, ಲೂಸ್ ಕಾಂಟ್ಯಾಕ್ಟ್ ಬಿಸಿಯಾಗುತ್ತದೆ, ಬಿಸಿಗೆ ಸ್ಪ್ರಿಂಗಿನ ಬಿಗಿ ಇನ್ನಷ್ಟು ಹೋಗುತ್ತದೆ. ಗಂಟೆಗಟ್ಟಲೆ 5 ಆಂಪ್ ಹರಿದ ಮೇಲೆ ಪ್ಲಗ್ ತೆಗೆದು ತುದಿ ಮುಟ್ಟಿದರೆ ಬೆರಳು ಚುರುಕ್ಕನ್ನುತ್ತದೆ, ಸುತ್ತಲ ಪ್ಲಾಸ್ಟಿಕ್ ಕಂದು ತಿರುಗಿರುತ್ತದೆ. ಎರಡು ಗಂಟೆ ಪ್ರಯಾಣಕ್ಕೆ ಪರವಾಗಿಲ್ಲ. ಕಾಯಂ ಬಳಕೆಗೆ ಬೇಡವೇ ಬೇಡ. ಬದಲಿಗೆ 50 ಆಂಪ್‌ನ ಆಂಡರ್ಸನ್ ಪ್ಲಗ್ ಹಾಕಿ. ಅದರ ಎರಡು ಭಾಗ ಚಪ್ಪಟೆಯಾಗಿ ಒಂದರ ಮೇಲೊಂದು ಒತ್ತಿ ಕೂರುತ್ತವೆ, ಕುಲುಕಾಟಕ್ಕೆ ಜಗ್ಗುವುದಿಲ್ಲ.

ವೈರಿನ ಗಾತ್ರಕ್ಕೆ ಒಂದು ನಂಬಲರ್ಹ ಅಳತೆ ಇದೆ. ಇಂಥ ಎಷ್ಟೋ ಫ್ರಿಜ್ಜುಗಳಲ್ಲಿ ಇರುವ ಸೆಕಾಪ್ ಬಿಡಿ35 ಕಂಪ್ರೆಸರ್, ಹಿಂದೆ ಡಾನ್‌ಫಾಸ್ ಹೆಸರಲ್ಲಿ ಬರುತ್ತಿದ್ದದ್ದು, ಅದರ ತಯಾರಕರೇ ಕೊಟ್ಟ ಪಟ್ಟಿ: 12 ವೋಲ್ಟಿನಲ್ಲಿ 2.5 ಚದರ ಮಿ.ಮೀ. ವೈರು ಬ್ಯಾಟರಿಯಿಂದ 2.5 ಮೀಟರ್‌ವರೆಗೆ, 4 ಅಂದರೆ 4 ಮೀಟರ್, 6 ಅಂದರೆ 6 ಮೀಟರ್, 10 ಅಂದರೆ 10 ಮೀಟರ್. ನೆನಪಿಡಲು ಇದಕ್ಕಿಂತ ಸುಲಭದ್ದಿಲ್ಲ. 24 ವೋಲ್ಟ್ ಗಾಡಿಯಾದರೆ ಅದೇ ವೈರಿಗೆ ಎರಡರಷ್ಟು ದೂರ. ದೂರ ಅಂದರೆ ನೇರ ಗೆರೆ ಅಲ್ಲ, ಕಾರ್ಪೆಟ್ ಕೆಳಗೆ, ಪ್ಯಾನೆಲ್ ಸುತ್ತಿ ವೈರು ನಿಜವಾಗಿ ಓಡುವ ದಾರಿ.

ವೈರು ಕೊಳ್ಳುವಾಗ ಎರಡು ಮೋಸ. ಒಂದು, ಅಲ್ಯೂಮಿನಿಯಂ ಮೇಲೆ ತಾಮ್ರ ಬಳಿದದ್ದು. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದರೆ ಒಳಗೆ ಬೆಳ್ಳಗೆ ಕಾಣುತ್ತದೆ. ಅದು ತಾಮ್ರಕ್ಕಿಂತ ಜಾಸ್ತಿ ವೋಲ್ಟೇಜ್ ತಿನ್ನುತ್ತದೆ, ಲಗ್ (ವೈರಿನ ತುದಿಗೆ ಹಾಕುವ ಲೋಹದ ತುಂಡು) ಒಳಗೆ ಕಾಲಕ್ರಮೇಣ ಸಡಿಲವಾಗುತ್ತದೆ. ತವರ ಲೇಪಿಸಿದ ಒಳ್ಳೆಯ ತಾಮ್ರವೂ ಹೊರಗೆ ಬೆಳ್ಳಗೇ ಇರುತ್ತದೆ, ಆದರೆ ಕೆರೆದಾಗ ಕೆಂಪು ಬಣ್ಣ ಬರುತ್ತದೆ. ಇನ್ನೊಂದು, "6 ಎಂಎಂ" ಅನ್ನುವ ಗಾಡಿ ವೈರು. ಕೆಲವು ಕಡೆ ಈ ಸಂಖ್ಯೆ ಮೇಲಿನ ಕವಚದ ವ್ಯಾಸವನ್ನು ಹೇಳುತ್ತದೆ, ಒಳಗಿನ ತಾಮ್ರ 4.6 ಚದರ ಮಿ.ಮೀ. ಅಷ್ಟೇ. ಚದರ ಮಿ.ಮೀ. ಎಷ್ಟು ಅಂತ ಕೇಳಿಯೇ ತಗೊಳ್ಳಿ.

ಫ್ಯೂಸ್ ವಿಷಯದಲ್ಲಿ ನನಗೆ ಯಾವ ರಾಜಿಯೂ ಇಲ್ಲ. ಫ್ಯೂಸ್ ಇರುವುದು ಫ್ರಿಜ್ ಉಳಿಸಲಿಕ್ಕಲ್ಲ, ವೈರು ಹೊತ್ತಿಕೊಳ್ಳದಂತೆ ತಡೆಯಲಿಕ್ಕೆ. ಆದ್ದರಿಂದ ಅದು ಬ್ಯಾಟರಿಯ ಪಾಸಿಟಿವ್ ಟರ್ಮಿನಲ್‌ಗೆ ಆದಷ್ಟು ಹತ್ತಿರ, ಒಂದು ಗೇಣಿನೊಳಗೆ ಇರಬೇಕು. ಫ್ರಿಜ್ ಪಕ್ಕದಲ್ಲಿ ಹಾಕಿದ ಫ್ಯೂಸಿಗೆ, ನಡುದಾರಿಯಲ್ಲಿ ವೈರು ಗಾಡಿಯ ತಗಡಿಗೆ ತಾಗಿದ್ದು ತಿಳಿಯುವುದೇ ಇಲ್ಲ. ಈ ಗಾತ್ರದ ಫ್ರಿಜ್ಜಿಗೆ 12 ವೋಲ್ಟಿನಲ್ಲಿ 15 ಆಂಪ್, 24 ವೋಲ್ಟಿನಲ್ಲಿ 7.5 ಆಂಪ್. ಮತ್ತೆ ಮತ್ತೆ ಹಾರುತ್ತಿದೆ ಅಂತ 30 ಆಂಪ್ ಹಾಕಬೇಡಿ. ಹಾರುವುದಕ್ಕೆ ಕಾರಣ ಎಲ್ಲೋ ಇದೆ, ಅದನ್ನು ಹುಡುಕಿ. ಎರಡು ಬ್ಯಾಟರಿ ಇದ್ದರೆ ಅವುಗಳ ನಡುವಿನ ದಪ್ಪ ವೈರಿಗೆ ಎರಡೂ ತುದಿಯಲ್ಲಿ ಫ್ಯೂಸ್ ಬೇಕು, ಯಾಕೆಂದರೆ ಕರೆಂಟು ಎರಡೂ ಕಡೆಯಿಂದ ಬರುತ್ತದೆ.

ನೆಗೆಟಿವ್ ವೈರಿಗೂ ಪಾಸಿಟಿವ್‌ನಷ್ಟೇ ಗಾತ್ರ. ಬಾಡಿ ಅರ್ಥ್ ತಗೊಳ್ಳುವುದಾದರೆ, ಅಂದರೆ ಗಾಡಿಯ ಲೋಹದ ಮೈಯನ್ನೇ ವಾಪಸ್ ದಾರಿ ಮಾಡುವುದಾದರೆ, ಆ ಜಾಗದ ಪೇಂಟು ಪೂರ್ತಿ ಕೆರೆದು, ಹಲ್ಲಿರುವ ವಾಷರ್ ಹಾಕಿ, ಬಿಗಿ ಮಾಡಿ, ಆಮೇಲೆ ತುಕ್ಕು ಹಿಡಿಯದಂತೆ ಮೇಲೆ ಪೇಂಟು ಬಳಿಯಿರಿ. ಸೀಟ್ ಬೆಲ್ಟಿನ ಬೋಲ್ಟನ್ನು ಅರ್ಥ್‌ಗೆ ಬಳಸಬೇಡಿ, ಅದು ಜೀವ ಉಳಿಸುವ ಬೋಲ್ಟು. ಹೊಸ ಗಾಡಿಗಳಲ್ಲಿ ಬ್ಯಾಟರಿಯ ನೆಗೆಟಿವ್ ಕ್ಲ್ಯಾಂಪಿನಲ್ಲೇ ಒಂದು ಸೆನ್ಸರ್ ಕೂತಿರುತ್ತದೆ, ಒಳಗೆ ಹೊರಗೆ ಹರಿಯುವ ಕರೆಂಟನ್ನು ಅಳೆಯುತ್ತದೆ. ಫ್ರಿಜ್ಜಿನ ನೆಗೆಟಿವ್ ನೇರ ಬ್ಯಾಟರಿ ಕಂಬಕ್ಕೆ ಹಾಕಿದರೆ ಆ ಕರೆಂಟು ಸೆನ್ಸರ್ ಲೆಕ್ಕಕ್ಕೆ ಸಿಗುವುದಿಲ್ಲ, ಗಾಡಿ ಬ್ಯಾಟರಿ ತುಂಬಿದೆ ಅಂದುಕೊಂಡು ಚಾರ್ಜಿಂಗ್ ಕಡಿಮೆ ಮಾಡುತ್ತದೆ. ಅಂಥ ಗಾಡಿಯಲ್ಲಿ ಸೆನ್ಸರ್ ದಾಟಿ, ಬಾಡಿ ಕಡೆಯಲ್ಲಿ ಹಾಕಿ.

ಜಾಯಿಂಟಿಗೆ ಬೆಸುಗೆಗಿಂತ ಕ್ರಿಂಪ್, ಅಂದರೆ ಲಗ್ಗನ್ನು ವೈರಿನ ಮೇಲೆ ಒತ್ತಿ ಬಿಗಿಯುವುದು, ಮೇಲು. ಬೆಸುಗೆಯ ಸೀಸ ಎಳೆಗಳ ನಡುವೆ ಒಳಕ್ಕೆ ಹತ್ತಿ ವೈರು ಅಲ್ಲಿ ಕಡ್ಡಿಯಂತೆ ಸೆಟೆಯುತ್ತದೆ, ಆ ಕಡ್ಡಿ ಮುಗಿಯುವ ಜಾಗದಲ್ಲೇ ಕುಲುಕಾಟಕ್ಕೆ ಮುರಿಯುತ್ತದೆ. ರ‍್ಯಾಚೆಟ್ ಇರುವ ಕ್ರಿಂಪಿಂಗ್ ಟೂಲ್, ವೈರಿನ ಗಾತ್ರಕ್ಕೆ ಸರಿಯಾದ ಲಗ್, ಮೇಲೆ ಗೋಂದಿರುವ ಹೀಟ್ ಶ್ರಿಂಕ್ (ಬಿಸಿ ಮಾಡಿದರೆ ಕುಗ್ಗಿ ಕೂರುವ ಕೊಳವೆ). ಕ್ರಿಂಪ್ ಆದ ಮೇಲೆ ಕೈಯಿಂದ ಜೋರಾಗಿ ಎಳೆದು ನೋಡಿ, ಬರುವುದಿದ್ದರೆ ಈಗಲೇ ಬರಲಿ. ತಗಡಿನ ತೂತು ದಾಟುವ ಕಡೆ ರಬ್ಬರ್ ಗ್ರಾಮೆಟ್, ಬಾನೆಟ್ ಕೆಳಗೆ ಸುಕ್ಕು ಪೈಪು, ಸೈಲೆನ್ಸರ್ ದಾರಿಯಿಂದ ದೂರ. ಏರ್‌ಬ್ಯಾಗ್ ಇರುವ ಕಂಬಗಳ ಒಳಗೆ ವೈರು ತುರುಕಬೇಡಿ.

ಇನ್ನು ಬ್ಯಾಟರಿ. ಕಂಪ್ರೆಸರ್ ಇಡೀ ದಿನ ಓಡುವುದಿಲ್ಲ. ಬಿಸಿಲು ಹದವಾಗಿದ್ದರೆ ಶೇ. 40ರಷ್ಟು ಹೊತ್ತು ಓಡುತ್ತದೆ ಅಂದರೂ 4 ಆಂಪ್ ಲೆಕ್ಕದಲ್ಲಿ ದಿನಕ್ಕೆ 38 ಆಂಪ್ ಅವರ್. 100 ಆಂಪ್ ಅವರ್‌ನ ಎಜಿಎಂ (ಸೀಲ್ ಮಾಡಿದ ಲೆಡ್ ಆಸಿಡ್) ಬ್ಯಾಟರಿಯಲ್ಲಿ ಆಯಸ್ಸು ಕೆಡದಂತೆ ಬಳಸಬಹುದಾದದ್ದು ಅರ್ಧ, ಹಾಗಾಗಿ ಒಂದೂಕಾಲು ದಿನ. ಅಷ್ಟೇ ಗಾತ್ರದ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ 80ರವರೆಗೆ ಬಳಸಬಹುದು, ಎರಡು ದಿನ ಬರುತ್ತದೆ. ಮಧ್ಯಾಹ್ನದ ಬಿಸಿಲಲ್ಲಿ ಗಾಜು ಮುಚ್ಚಿ ನಿಲ್ಲಿಸಿದ ಗಾಡಿಯಲ್ಲಿ ಈ ಲೆಕ್ಕ ನಡೆಯುವುದಿಲ್ಲ, ಕಂಪ್ರೆಸರ್ ಬಿಡುವಿಲ್ಲದೆ ಓಡುತ್ತದೆ. ಕಂಪ್ರೆಸರ್ ಇಲ್ಲದ ಪೆಲ್ಟಿಯರ್ ಡಬ್ಬಿಗಳನ್ನು ಫ್ರಿಜ್ ಅಂತ ಮಾರುತ್ತಾರೆ, ಅವು 4–5 ಆಂಪನ್ನು ಸದಾ ಎಳೆಯುತ್ತವೆ, ಹೊರಗಿನ ಶಾಖಕ್ಕಿಂತ ಸುಮಾರು 20 ಡಿಗ್ರಿ ಕಡಿಮೆ ಮಾಡುವುದೇ ಹೆಚ್ಚು. ಹೊರಗೆ 38 ಡಿಗ್ರಿ ಇದ್ದರೆ ಒಳಗೆ 18. ಹಾಲು, ಮಾಂಸ, ಇನ್ಸುಲಿನ್ ಇಡುವವರು ಅದನ್ನು ಕೊಳ್ಳಬಾರದು.

ಗಾಡಿ ಸ್ಟಾರ್ಟ್ ಮಾಡುವ ಬ್ಯಾಟರಿಯ ಮೇಲೇ ಫ್ರಿಜ್ ಓಡಿಸುವವರು ಬ್ಯಾಟರಿ ರಕ್ಷಣೆಯನ್ನು ಹೈನಲ್ಲೇ ಇಡಬೇಕು. ಬಿಡಿ35ರ ಮೂಲ ಸೆಟ್ಟಿಂಗಿನಲ್ಲಿ ಕಟ್ ಆಗುವುದು 10.4 ವೋಲ್ಟಿಗೆ, ಮರಳಿ ಆನ್ ಆಗುವುದು 11.7ಕ್ಕೆ. 10.4ರ ತನಕ ಇಳಿದ ಲೆಡ್ ಆಸಿಡ್ ಬ್ಯಾಟರಿ ಎಂಜಿನ್ ಎತ್ತುವುದಿಲ್ಲ. ಫ್ರಿಜ್ಜಿಗೇ ಬೇರೆ ಬ್ಯಾಟರಿ ಇದ್ದರೆ ಮೀಡಿಯಂ ಸಾಕು. ವೈರಿನ ನಷ್ಟ ಮುಚ್ಚಲು ಸೆಟ್ಟಿಂಗ್ ಇಳಿಸುವುದು ಮಾತ್ರ ತಪ್ಪು ದಾರಿ: ವೈರು ಸರಿಯಿಲ್ಲದೆಡೆ ಯಾವ ಸೆಟ್ಟಿಂಗೂ ಬ್ಯಾಟರಿಯ ನಿಜ ಸ್ಥಿತಿಯನ್ನು ನೋಡುತ್ತಿರುವುದಿಲ್ಲ.

ಎರಡನೇ ಬ್ಯಾಟರಿಯನ್ನು ತುಂಬಿಸಲು ಹಳೆಯ ಗಾಡಿಗೆ ವೋಲ್ಟೇಜ್ ನೋಡಿ ಸೇರಿಸುವ ರಿಲೇ ಸಾಕಾಗುತ್ತಿತ್ತು. ಸಾಮಾನ್ಯವಾಗಿ 13.3ಕ್ಕೆ ಸೇರಿಸುತ್ತದೆ, 12.8ಕ್ಕೆ ಬಿಡಿಸುತ್ತದೆ. ಸ್ಮಾರ್ಟ್ ಆಲ್ಟರ್ನೇಟರ್ ಇರುವ ಗಾಡಿಯಲ್ಲಿ ಎಂಜಿನ್ ಓಡುತ್ತಿರುವಾಗಲೇ ವೋಲ್ಟೇಜ್ 12.5ರ ಹತ್ತಿರಕ್ಕೆ ಇಳಿದುಬಿಡುವುದರಿಂದ ರಿಲೇ ಬಿಟ್ಟುಕೊಳ್ಳುತ್ತದೆ, ದಿನವಿಡೀ ಓಡಿಸಿದರೂ ಬ್ಯಾಟರಿ ಅರ್ಧಕ್ಕೇ ನಿಲ್ಲುತ್ತದೆ. ಅಲ್ಲಿ ಡಿಸಿ–ಡಿಸಿ ಚಾರ್ಜರ್ (ಆಲ್ಟರ್ನೇಟರ್ ವೋಲ್ಟೇಜನ್ನು ಎರಡನೇ ಬ್ಯಾಟರಿಗೆ ಬೇಕಾದಷ್ಟಕ್ಕೆ ಹೊಂದಿಸಿಕೊಡುವ ಪೆಟ್ಟಿಗೆ) ಬೇಕೇ ಬೇಕು. ಲಿಥಿಯಂ ಇದ್ದರಂತೂ ಯಾವ ಗಾಡಿಯಾದರೂ ಅದನ್ನೇ ಹಾಕಿ, ನೇರ ಜೋಡಿಸಿದರೆ ಲಿಥಿಯಂ ಎಷ್ಟು ಕೊಟ್ಟರೂ ಎಳೆದು ಆಲ್ಟರ್ನೇಟರ್ ಕಾಯಿಸುತ್ತದೆ. 30 ಆಂಪ್ ಚಾರ್ಜರ್ ಒಳಗೆ ಎಳೆಯುವುದು 38 ಆಂಪ್ ಹತ್ತಿರ ಇರಬಹುದು, ಅದರ ವೈರು 16 ಚದರ ಮಿ.ಮೀ. ಇರಲಿ. ಸೊನ್ನೆ ಡಿಗ್ರಿಗಿಂತ ಕೆಳಗೆ ಲಿಥಿಯಂ ಚಾರ್ಜ್ ಮಾಡಬಾರದು, ಬಾನೆಟ್ ಕೆಳಗಿನ ಬಿಸಿಯಲ್ಲಿ ಇಡಲೂಬಾರದು.

ಫ್ರಿಜ್ ಇಡುವ ಜಾಗದಲ್ಲಿ ಗಾಳಿಕಿಂಡಿಯ ಎದುರು 5ರಿಂದ 10 ಸೆಂ.ಮೀ. ಖಾಲಿ ಬಿಡಿ. ಬ್ಯಾಗು ಒತ್ತಿಟ್ಟರೆ ಬಿಸಿ ಗಾಳಿ ಅಲ್ಲೇ ಸುತ್ತುತ್ತದೆ. ತುಂಬಿದ ಫ್ರಿಜ್ 35–40 ಕಿಲೋ ತೂಗುತ್ತದೆ, ಆದ್ದರಿಂದ ಗಾಡಿಯ ಮೈಗೆ ಬೋಲ್ಟ್ ಆದ ಕೊಂಡಿಗಳಿಗೆ ಬೆಲ್ಟು ಬಿಗಿದೇ ಓಡಿಸಿ. ಫ್ರಿಜ್ಜಿನ ಗೋಡೆಗೆ ಎಲ್ಲೂ ಸ್ಕ್ರೂ ಕೊರೆಯಬೇಡಿ, ಒಳಗೆ ಗ್ಯಾಸ್ ಪೈಪು ಓಡಿರುತ್ತದೆ. ಆರ್-600ಎ ಆಗಿದ್ದರೆ ಅದು ಹೊತ್ತಿಕೊಳ್ಳುವ ಗ್ಯಾಸು.

ಎಲ್ಲ ಮುಗಿದ ಮೇಲೆ ಎಂಜಿನ್ ಆಫ್ ಮಾಡಿ, ಫ್ರಿಜ್ಜಿನ ತಾಪಮಾನದ ಸೆಟ್ಟಿಂಗ್ ಕೆಳಗಿಳಿಸಿ ಕಂಪ್ರೆಸರ್ ಓಡುವಂತೆ ಮಾಡಿ. ಓಡುತ್ತಿರುವಾಗಲೇ ಮಲ್ಟಿಮೀಟರ್‌ನಿಂದ ಬ್ಯಾಟರಿ ಟರ್ಮಿನಲ್‌ಗಳಲ್ಲಿ ಒಮ್ಮೆ, ಫ್ರಿಜ್ ಪ್ಲಗ್ಗಿನಲ್ಲಿ ಒಮ್ಮೆ ಅಳೆಯಿರಿ. ಕಂಪ್ರೆಸರ್ ನಿಂತಾಗ ಅಳೆದರೆ ಎರಡೂ ಒಂದೇ ತೋರಿಸುತ್ತವೆ, ಆ ಅಳತೆಯಿಂದ ಏನೂ ತಿಳಿಯುವುದಿಲ್ಲ. ವ್ಯತ್ಯಾಸ 0.3 ವೋಲ್ಟಿನೊಳಗಿದ್ದರೆ ಕೆಲಸ ಸರಿಯಾಗಿದೆ. ಹೆಚ್ಚಿದ್ದರೆ ಮೀಟರಿನ ಒಂದು ಕಡ್ಡಿ ಬ್ಯಾಟರಿ ಪಾಸಿಟಿವ್‌ನಲ್ಲಿ, ಇನ್ನೊಂದು ಪ್ಲಗ್ಗಿನ ಪಾಸಿಟಿವ್‌ನಲ್ಲಿ ಇಟ್ಟು ನೋಡಿ, ನೆಗೆಟಿವ್‌ಗೂ ಹಾಗೇ ಮಾಡಿ. ಯಾವ ಸಾಲು ತಿನ್ನುತ್ತಿದೆ ಅಂತ ತಕ್ಷಣ ಗೊತ್ತಾಗುತ್ತದೆ. ಅರ್ಧ ಗಂಟೆ ಓಡಿದ ಮೇಲೆ ಫ್ಯೂಸ್ ಹೋಲ್ಡರ್, ಲಗ್ಗು, ಪ್ಲಗ್ಗು ಒಂದೊಂದನ್ನೂ ಮುಟ್ಟಿ ನೋಡಿ, ಬಿಸಿ ಇರುವ ಜಾಯಿಂಟನ್ನು ಕತ್ತರಿಸಿ ಮತ್ತೆ ಮಾಡಿ. ಸೆಕಾಪ್ ಕಂಟ್ರೋಲರಿನ ಎಲ್‌ಇಡಿ ಜೋಡಿಸಿದ್ದರೆ ಅದರ ಮಿಣುಕೂ ಹೇಳುತ್ತದೆ: ಒಂದು ಮಿಣುಕು ವೋಲ್ಟೇಜ್ ಕಟ್, ಎರಡು ಫ್ಯಾನ್ ಜಾಸ್ತಿ ಎಳೆಯುತ್ತಿದೆ, ಮೂರು ಮೋಟಾರ್ ಶುರುವಾಗುತ್ತಿಲ್ಲ, ನಾಲ್ಕು ಕನಿಷ್ಠ ವೇಗ ಸಿಗುತ್ತಿಲ್ಲ, ಐದು ಕಂಟ್ರೋಲರ್ ಕಾದಿದೆ. ಒಂದು ಮಿಣುಕಿಗೆ ಮತ್ತೆ ವೈರಿನ ಕಡೆ ಹೋಗಿ, ಐದಕ್ಕೆ ಗಾಳಿಕಿಂಡಿಯ ಕಡೆ.