ಬರೀ ಸಿಟ್ಟಲ್ಲ

ಬೈಬಲಿನ ಪ್ರವಾದಿಗಳ ಪುಸ್ತಕಗಳಲ್ಲಿ ಬರೀ ದೇವರ ಸಿಟ್ಟೇ ತುಂಬಿದೆ ಎಂದು ಬರೆದಿದ್ದೀರಿ. ನನಗೆ ಹಾಗೆ ಕಾಣುವುದಿಲ್ಲ. ಪ್ರವಾದಿ ಆಮೋಸನ ಪುಸ್ತಕದ 4ನೇ ಅಧ್ಯಾಯವನ್ನು ನಿಧಾನವಾಗಿ ಓದಿ ನೋಡಿ. ಹಸಿವು, ಬರ, ಮಿಡತೆ, ವ್ಯಾಧಿ, ಯುದ್ಧ... ನಡುನಡುವೆ ಮತ್ತೆ ಮತ್ತೆ ದೇವರ ಒಂದೇ ಮಾತು: ಆದರೂ ನೀವು ನನ್ನ ಕಡೆ ತಿರುಗಲಿಲ್ಲ. ಐದು ಸಲ! ಬರೀ ದಂಡಿಸುವವನು ಹೀಗೆ ಹಲುಬುತ್ತಾನಾ? ಮನೆ ಬಿಟ್ಟು ಹೋದ ಮಗನ ದಾರಿ ಕಾಯುವ ಅಪ್ಪನ ಸಂಕಟ ಅಲ್ವಾ ಅದು?

ಇನ್ನೊಬ್ಬ ಪ್ರವಾದಿ ಹೋಶೇಯನಲ್ಲಂತೂ (11ನೇ ಅಧ್ಯಾಯ) ಇನ್ನೂ ಜಾಸ್ತಿ. ಎಫ್ರಾಯೀಮಿಗೆ (ಅಂದರೆ ಉತ್ತರದ ಇಸ್ರಾಯೇಲ್ ರಾಜ್ಯಕ್ಕೆ) ನಡೆದಾಡಲು ಕಲಿಸಿದವನು ನಾನೇ, ನಿನ್ನನ್ನು ಹೇಗೆ ಕೈಬಿಡಲಿ ಅನ್ನುತ್ತಾನೆ ದೇವರು. ಹಾಗಂತ ಶಿಕ್ಷೆ ತಪ್ಪಲಿಲ್ಲ. ಕ್ರಿ.ಪೂ. 722ರ ಹೊತ್ತಿಗೆ ಆ ರಾಜ್ಯದ ರಾಜಧಾನಿ ಸಮಾರ್ಯ ಅಶ್ಶೂರ್ಯರ ಪಾಲಾಯಿತು. ಅದನ್ನು ನಾವು ಮುಚ್ಚಿಡಬಾರದು.

ಇನ್ನೊಂದು ಮಾತು. ಯಾರಿಗಾದರೂ ಕಾಯಿಲೆ ಬಂದರೆ ‘ದೇವರು ತಿದ್ದುತ್ತಿದ್ದಾನೆ’ ಎಂದು ಸುಮ್ನೆ ಹೇಳಿಬಿಡುವ ವಿಶ್ವಾಸಿಗಳಿದ್ದಾರೆ. ನನಗೆ ಮೈ ಉರಿಯುತ್ತದೆ. ಆಮೋಸ ಗದರಿದ್ದು ನೊಂದವರನ್ನಲ್ಲ. ಒಂದು ಜೊತೆ ಚಪ್ಪಲಿಗಾಗಿ ಬಡವರನ್ನು ಮಾರಿದವರನ್ನು, ತಕ್ಕಡಿಯಲ್ಲಿ ಮೋಸ ಮಾಡಿದವರನ್ನು, ದಂತದ ಮಂಚದ ಮೇಲೆ ಆರಾಮವಾಗಿ ಮಲಗಿದ್ದವರನ್ನು.