ಗಾಬರಿಗೆ ಹಾರ್ಮೋನ್ ಸೂಜಿಯಂತೆ!

ಇವತ್ತು ತಲೆ ಕೆಟ್ಟಿದೆ, ಅದಕ್ಕೇ ಬರೆಯುತ್ತಿದ್ದೇನೆ. ನಮ್ಮ ಔಷಧಿ ಅಂಗಡಿ ಶಟರ್ ಎಳೆಯೋ ಹೊತ್ತಿಗೆ ಒಬ್ಬ ಹುಡುಗ ಬಂದ. ಉಳಿದ ಗಿರಾಕಿಗಳು ಹೋಗೋ ತನಕ ಓಆರ್‌ಎಸ್ ಪ್ಯಾಕೆಟ್ಟನ್ನೇ ತಿರುಗಿಸಿ ತಿರುಗಿಸಿ ಓದುತ್ತಾ ನಿಂತಿದ್ದ. ಆಮೇಲೆ ಮಡಚಿ ಮಡಚಿ ಬೆವರಿಗೆ ಒದ್ದೆಯಾದ ಚೀಟಿ ಚಾಚಿದ. ಟೆಸ್ಟೋಸ್ಟೆರಾನ್ ಅನ್ನೋ ಗಂಡಸರ ಹಾರ್ಮೋನಿನ ಇಂಜೆಕ್ಷನ್.

"ರಕ್ತ ಪರೀಕ್ಷೆ ಮಾಡಿಸಿದ್ಯೇನಪ್ಪಾ?"

"ಇಲ್ಲಣ್ಣ. ಹೊಸದಾಗಿ ಮದುವೆ, ಆಗ್ತಿಲ್ಲ ಅಂದೆ. ಡಾಕ್ಟ್ರು ಬರೆದುಕೊಟ್ರು."

"ಬೆಳಗ್ಗೆ ಎದ್ದಾಗ ನಿಮಿರುತ್ತಾ?"

"ಆಗ ಸರಿ ಇರುತ್ತೆ."

ಅರ್ಧ ಉತ್ತರ ಅಲ್ಲೇ ಸಿಕ್ಕಿತಲ್ವಾ? ಬೆಳಗ್ಗೆ ಸರಿ, ಒಬ್ಬನೇ ಇದ್ದಾಗ ಸರಿ, ಹೆಂಡತಿ ಪಕ್ಕ ಬಂದಾಗ ಮಾತ್ರ ಕೈಕೊಡುತ್ತೆ ಅಂದರೆ ಕಾರಣ ಬಹುಪಾಲು ಗಾಬರಿ. ಗಾಬರಿಯಾದಾಗ ಅಡ್ರಿನಲಿನ್ ಏರುತ್ತೆ, ಅಲ್ಲಿನ ರಕ್ತನಾಳ ಬಿಗಿಯುತ್ತೆ, ರಕ್ತ ತುಂಬಲ್ಲ. ಮರುದಿನ 'ಇವತ್ತೂ ಹಾಗೇ ಆದರೆ?' ಅನ್ನೋ ಭಯ. ಈ ಭಯಕ್ಕೆ ಸೂಜಿ ಏನು ಮಾಡುತ್ತೆ ಸ್ವಾಮಿ?

ಮಾಡೋದು ಬೇರೆಯೇ. ಹೊರಗಿಂದ ಹಾರ್ಮೋನ್ ಬಂತು ಅಂದರೆ ಮಿದುಳು ವೃಷಣಕ್ಕೆ 'ಕೆಲಸ ಮಾಡು' ಅನ್ನೋ ಎಲ್‌ಎಚ್, ಎಫ್‌ಎಸ್‌ಎಚ್ ಹಾರ್ಮೋನ್ ಕಳಿಸೋದು ಕಮ್ಮಿ ಮಾಡುತ್ತೆ. ವೀರ್ಯಾಣು ಸಂಖ್ಯೆ ಇಳಿಯುತ್ತೆ, ಕೆಲವರಲ್ಲಿ ಸೊನ್ನೆಯಾಗುತ್ತೆ. ಸೂಜಿ ಬಿಟ್ಟ ಮೇಲೆ ಚೇತರಿಸಿಕೊಳ್ಳೋಕೆ ತಿಂಗಳುಗಟ್ಟಲೆ ಬೇಕು. ಅಷ್ಟರಲ್ಲಿ ಅತ್ತೆ ಮನೆಯವರು "ಏನಮ್ಮಾ, ವಿಶೇಷ ಏನಾದ್ರೂ ಇದ್ಯಾ?" ಅಂತ ಶುರು ಮಾಡಿರ್ತಾರೆ. ಬೈಸಿಕೊಳ್ಳೋದು ಆ ಹುಡುಗಿ!

"ಕೆಲವರಿಗೆ ಗುಣ ಆಗುತ್ತಲ್ಲ" ಅಂತ ಯಾರಾದರೂ ಬಂದೇ ಬರ್ತೀರಿ. ಆಗುತ್ತೆ, ಹಾರ್ಮೋನ್ ನಿಜವಾಗಿ ಕಮ್ಮಿ ಇದ್ದವರಿಗೆ. ಅದನ್ನು ತಿಳಿಯೋಕೆ ಎರಡು ಬೇರೆ ಬೇರೆ ದಿನ, ಬೆಳಗಿನ ಹೊತ್ತು ರಕ್ತ ಕೊಡಬೇಕು. ಡೆಸಿಲೀಟರಿಗೆ 300 ನ್ಯಾನೊಗ್ರಾಂಗಿಂತ ಕೆಳಗೆ ಇರಬೇಕು, ಲಕ್ಷಣವೂ ಇರಬೇಕು ಅನ್ನುತ್ತೆ ಅಮೆರಿಕದ ಯುರಾಲಜಿ ಸಂಘದ 2018ರ ಮಾರ್ಗಸೂಚಿ. ಮುಖ ನೋಡಿ ಬರೆಯೋದಲ್ಲ. ಇನ್ನು ಸೂಜಿ ಚುಚ್ಚಿಸಿಕೊಂಡೆ ಅನ್ನೋ ಧೈರ್ಯಕ್ಕೇ ಸರಿಹೋಗೋರೂ ಇದ್ದಾರೆ. 1889ರಲ್ಲಿ ಬ್ರೌನ್-ಸೆಕಾರ್ ಅನ್ನೋ ವಿಜ್ಞಾನಿ, ವಯಸ್ಸು 72, ನಾಯಿ ಮತ್ತು ಗಿನಿಪಿಗ್ ವೃಷಣದ ರಸ ಚುಚ್ಚಿಕೊಂಡು ಯೌವನ ಮರಳಿತು ಅಂತ ಪ್ಯಾರಿಸ್ಸಿನಲ್ಲಿ ಸಾರಿದ್ದ. ಆ ನೀರು ರಸದಲ್ಲಿ ಹಾರ್ಮೋನ್ ಲೆಕ್ಕಕ್ಕೆ ಬರುವಷ್ಟೂ ಇರಲಿಲ್ಲ.

ನನಗೂ ಮದುವೆಯಾದ ಹೊಸದರಲ್ಲಿ ಹೀಗೇ ಆಗಿತ್ತು. ನಗೋರು ನಗಿ. ನನ್ನವಳು "ಸುಮ್ನೆ ಮಲಗಿ, ನಾನೇನು ನಾಳೆ ಓಡಿಹೋಗ್ತೀನಾ?" ಅಂದಳು. ಲೈಂಗಿಕ ಸಮಸ್ಯೆಗಳ ಮೇಲೆ ಸಂಶೋಧನೆ ಮಾಡಿದ ಅಮೆರಿಕದ ಮಾಸ್ಟರ್ಸ್ ಮತ್ತು ಜಾನ್ಸನ್ 1970ರಲ್ಲಿ ಹೇಳಿದ್ದೂ ಹೆಚ್ಚುಕಮ್ಮಿ ಇದೇ: ಸದ್ಯಕ್ಕೆ ಕೂಡೋದು ಬೇಡ, ಬರೀ ಮುಟ್ಟಿಕೊಂಡು ಇರಿ. ಇದನ್ನು ಹೇಳೋಕೆ ಹತ್ತು ನಿಮಿಷ ಕೂತು ಮಾತಾಡಬೇಕು. ಚೀಟಿ ಬರೆಯೋಕೆ ಅರ್ಧ ನಿಮಿಷ ಸಾಕಲ್ಲ!

ಇಷ್ಟು ಓದಿಯೂ ಇನ್‌ಬಾಕ್ಸಿಗೆ ಬಂದು "ಅಣ್ಣಾ, ಅದರ ಡೋಸ್ ಎಷ್ಟು?" ಅಂತ ಕೇಳೋರಿಗೆ: ಹೇಳಲ್ಲ. ಬೆಳಗ್ಗೆ ರಕ್ತ ಕೊಟ್ಟು ಬನ್ನಿ.